ಸಿದ್ದಿ ಮಕ್ಕಳ ಓಟ: ಆರು ವರ್ಷಗಳ ಒಂದು ಪ್ರಯೋಗ



ನಮ್ಮ ಜಿಲ್ಲೆಯ ಇತಿಹಾಸವೆಂದರೆ ಬನವಾಸಿಯ ಕದಂಬರು, ಸೋಂದೆಯ ಅರಸರು, ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಎಂದು ನಾವು ಪಾಠ ಮಾಡುತ್ತ ಬಂದೆವು. ಅವೆಲ್ಲವೂ ಅವಶ್ಯವೇ. ಆದರೆ ನಮ್ಮ ಕಣ್ಣೆದುರಿಗೇ ನಡೆದು, ಯಾವ ಪಠ್ಯಪುಸ್ತಕಕ್ಕೂ ಸೇರದೆ ಉಳಿದ ಒಂದು ಪ್ರಸಂಗವಿದೆ. 1987ರಿಂದ 1993ರವರೆಗೆ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡಲು ಭಾರತ ಸರ್ಕಾರ ನಡೆಸಿದ ಪ್ರಯೋಗವೇ ಅದು. ಆಟದ ಮೂಲಕ ಬಡಮಕ್ಕಳ ಬದುಕನ್ನು ಎತ್ತಬಹುದೇ ಎಂದು ಯೋಚಿಸುವವರು ಈ ಕಥೆಯನ್ನು ತಿಳಿದಿರಬೇಕು. ಅದರ ಸೋಲಿನಲ್ಲಿಯೂ ಗೆಲುವಿನಲ್ಲಿಯೂ ಕಲಿಯತಕ್ಕದ್ದು ಬಹಳವಿದೆ.

ಸಿದ್ದಿಗಳು ಯಾರು?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿಗಳ ಪೂರ್ವಜರು ಆಫ್ರಿಕಾ ಖಂಡದವರು. ಅರಬ್ ವರ್ತಕರೂ ಪೋರ್ಚುಗೀಸರೂ ಅವರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ತುಂಬಿಸಿ ಪಶ್ಚಿಮ ಕರಾವಳಿಗೆ ತಂದರು. ಗೋವೆಯಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟ ಹತ್ತಿ ನಮ್ಮ ಕಾಡುಗಳನ್ನು ಸೇರಿದರು. ಆಫ್ರಿಕಾ ಮೂಲದವರೆಲ್ಲರೂ ಈ ನೆಲದಲ್ಲಿ ಆಳುಗಳಾಗಿಯೇ ಉಳಿದರೆಂದಲ್ಲ. ಅಹಮದ್‌ನಗರದ ನಿಜಾಮಶಾಹಿ ರಾಜ್ಯವನ್ನು ಕಾಪಾಡಿ, ಮೊಗಲರನ್ನು ದಶಕಗಳ ಕಾಲ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇಥಿಯೋಪಿಯಾದಿಂದ ಗುಲಾಮನಾಗಿ ಬಂದವನೇ. ಆದರೆ ನಮ್ಮ ಕಾಡಿನ ಸಿದ್ದಿಗಳಿಗೆ ಅಂಥ ಅದೃಷ್ಟವಿರಲಿಲ್ಲ. ಅಡಿಕೆ ತೋಟಗಳಲ್ಲಿ, ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವುದೇ ತಲೆತಲಾಂತರದ ಬದುಕಾಯಿತು.

ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಡಮಾಮಿಯ ಬಡಿತಕ್ಕೆ ಹೆಜ್ಜೆ ಹಾಕುವುದನ್ನೂ, ಹಳೆಯ ಬಟ್ಟೆಯ ತುಣುಕುಗಳಿಂದ ಚಂದದ ಕೌದಿ ಹೊಲಿಯುವುದನ್ನೂ ನೀವು ಕಂಡಿರುವಿರಿ. ಇಷ್ಟೆಲ್ಲ ನಮ್ಮವರಾದರೂ ಬಸ್ಸಿನಲ್ಲಿ, ಸಂತೆಯಲ್ಲಿ "ನೀವು ಯಾವ ದೇಶದವರು?" ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ನನ್ನ ತರಗತಿಯಲ್ಲಿದ್ದ ಸಿದ್ದಿ ಹುಡುಗರು ಹಿಂದಿನ ಬೆಂಚಿನಲ್ಲಿ ಒತ್ತೊತ್ತಾಗಿ ಕುಳಿತುಕೊಳ್ಳುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಕೊಯ್ಲಿನ ತಿಂಗಳಿನಲ್ಲಿ ಅವರ ಹೆಸರಿನ ಮುಂದೆ ಸಾಲುಸಾಲಾಗಿ ಗೈರುಹಾಜರಿ. ಆದರೆ ತಾಲೂಕು ಕ್ರೀಡಾಕೂಟದ ದಿನ ಮಾತ್ರ ಅವರೇ ಮುಂದಿನ ಸಾಲಿನವರು. ಸುಣ್ಣದ ಪುಡಿಯ ಗೆರೆಯ ಮೇಲೆ ಬರಿಗಾಲಿನಲ್ಲಿ ಓಡಿ, ಬಹುಮಾನವಾಗಿ ಸಿಕ್ಕಿದ ಸ್ಟೀಲ್ ತಟ್ಟೆಯನ್ನು ಎದೆಗವಚಿಕೊಂಡು ಮನೆಗೆ ಹೋಗುತ್ತಿದ್ದರು.

ಯೋಜನೆಯ ಹುಟ್ಟು

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ಜರುಗಿತು. ಅದರ ಬೆನ್ನಿಗೆ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಯಾಯಿತು. ಅದೇ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನ ಕಂಚನ್ನು ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಳೆದುಕೊಂಡರು. ಇಡೀ ದೇಶ ಬರಿಗೈಯಲ್ಲಿ ಮರಳಿತು. ಇಷ್ಟು ಕೋಟಿ ಜನರಿರುವ ನಾಡಿಗೆ ಒಂದು ಪದಕವೂ ಇಲ್ಲವೇ ಎಂಬ ಕೊರಗು ಅಂದಿನ ಪತ್ರಿಕೆಗಳ ತುಂಬ ಇತ್ತು.

ಆ ಕೊರಗಿಗೆ ಉತ್ತರವಾಗಿ 1980ರ ದಶಕದ ಉತ್ತರಾರ್ಧದಲ್ಲಿ ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಯೋಜನೆ ರೂಪುಗೊಂಡಿತು. ಅಂದು ಕೇಂದ್ರದ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಕರಾವಳಿಯವರೇ ಆದ ಮಾರ್ಗರೆಟ್ ಆಳ್ವ. ಯೋಜನೆಯನ್ನು ಮುನ್ನಡೆಸಿದವರು ಐ.ಎ.ಎಸ್. ಅಧಿಕಾರಿ ಬಿ.ವಿ.ಪಿ. ರಾವ್. ಗುಡ್ಡಗಾಡು, ಕಾಡು, ಕರಾವಳಿಯ ಜನರಲ್ಲಿ ಹುಟ್ಟಿನಿಂದಲೇ ಬಂದ ಕಸುವು ಇರುತ್ತದೆ. ಅದನ್ನು ಹುಡುಕಿ ಆಧುನಿಕ ತರಬೇತಿ ಕೊಟ್ಟರೆ ಪದಕ ಬರುತ್ತದೆ ಎಂಬುದು ಅದರ ಮೂಲ ವಿಚಾರ. ಬಿಲ್ಲು ಹಿಡಿದು ಬೇಟೆಯಾಡುವ ಆದಿವಾಸಿಗಳಲ್ಲಿ ಬಿಲ್ಲುಗಾರರನ್ನು ಹುಡುಕಿದರು. ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಓಟಗಾರರನ್ನು ಹುಡುಕಿದರು.

ನಮ್ಮ ಜಿಲ್ಲೆಯಲ್ಲಿ ಆಯ್ಕೆ ಶಿಬಿರಗಳು ನಡೆದವು. ಓಡಿಸಿದರು, ಜಿಗಿಸಿದರು, ಎಸೆಯಿಸಿದರು. ಆಯ್ಕೆಯಾದ ಮಕ್ಕಳು ಬೆಂಗಳೂರಿನಂಥ ದೂರದ ಊರುಗಳ ಕೇಂದ್ರಗಳಿಗೆ ಹೊರಟರು. ಗುಜರಾತಿನ ಗಿರ್ ಪ್ರದೇಶದ ಸಿದ್ದಿ ಮಕ್ಕಳನ್ನೂ ಹೀಗೆಯೇ ಆರಿಸಲಾಯಿತು. ಹತ್ತು ಹನ್ನೆರಡು ವರ್ಷದ, ತಾಲೂಕು ಕೇಂದ್ರವನ್ನೂ ಸರಿಯಾಗಿ ನೋಡದ ಮಕ್ಕಳವು. ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಊಟ, ಕಾಲಿಗೆ ಶೂ, ಮಲಗಲು ಮಂಚ, ಓದಲು ಶಾಲೆ. ಅವರ ತಾಯ್ತಂದೆಯರಿಗೆ ಇದು ಕನಸಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ರಕ್ತವೋ, ಶಾಲೆಯೋ?

ಇಲ್ಲಿ ಒಂದು ಮಾತನ್ನು ನಿಂತು ಯೋಚಿಸಬೇಕು. ಅಮೆರಿಕದ ಕರಿಯರು ವೇಗವಾಗಿ ಓಡುತ್ತಾರೆ, ಆದ್ದರಿಂದ ಸಿದ್ದಿಗಳೂ ಓಡಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸಬಹುದು. ಆದರೆ ಆಫ್ರಿಕಾ ಒಂದು ಊರಲ್ಲ, ಮಹಾಖಂಡ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಿದ್ದಿಗಳ ವಂಶವಾಹಿಗಳಲ್ಲಿ ಆಫ್ರಿಕಾ ಮೂಲದ ಪಾಲು ಶೇಕಡಾ 60ರಿಂದ 75, ಉಳಿದುದು ಹೆಚ್ಚಾಗಿ ಇಲ್ಲಿಯದೇ. ಅದಕ್ಕಿಂತ ಮುಖ್ಯವಾಗಿ, ಓಟಗಾರರ ನಾಡುಗಳೆಂದು ಹೆಸರಾದ ಕಡೆಗಳಲ್ಲಿ ನಿಜವಾಗಿ ಏನು ನಡೆದಿದೆ ಎಂದು ನೋಡಿದರೆ ನಮ್ಮಂಥ ಮಾಸ್ತರರಿಗೆ ಸಂತೋಷವಾಗುವ ಉತ್ತರ ಸಿಗುತ್ತದೆ.

ಜಮೈಕಾವನ್ನೇ ತೆಗೆದುಕೊಳ್ಳಿ. ಆ ಪುಟ್ಟ ದ್ವೀಪದಲ್ಲಿ ಪ್ರೌಢಶಾಲೆಗಳ ಅಥ್ಲೆಟಿಕ್ಸ್ ಕೂಟ 1910ರಲ್ಲಿ ಆರಂಭವಾಯಿತು. ಚಾಂಪ್ಸ್ ಎಂಬ ಹೆಸರಿನ ಆ ಕೂಟಕ್ಕೆ ನಮ್ಮಲ್ಲಿ ಕ್ರಿಕೆಟ್ಟಿಗೆ ಸೇರುವಂತೆ ಜನ ಸೇರುತ್ತಾರೆ. ಉಸೇನ್ ಬೋಲ್ಟ್ ಹಳ್ಳಿಯ ಹುಡುಗ. ಶಾಲೆಯಲ್ಲಿ ಕ್ರಿಕೆಟ್ ಆಡುತ್ತಿದ್ದಾಗ ಅವನ ವೇಗವನ್ನು ಕಂಡು ಓಟದ ಕಡೆಗೆ ತಿರುಗಿಸಿದವರು ಅವನ ತರಬೇತುದಾರರು.

ಇನ್ನು ಕೀನ್ಯಾ. ಬ್ರದರ್ ಕಾಲ್ಮ್ ಓಕಾನೆಲ್ ಎಂಬ ಐರ್ಲೆಂಡಿನ ಉಪಾಧ್ಯಾಯರು 1976ರಲ್ಲಿ ಇಟೆನ್ ಎಂಬ ಊರಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ ಭೂಗೋಳ ಪಾಠ ಮಾಡಲು ಬಂದರು. ಓಟದ ತರಬೇತಿಯಲ್ಲಿ ಅವರಿಗೆ ಯಾವ ಪದವಿಯೂ ಇರಲಿಲ್ಲ. ಮಕ್ಕಳೊಡನೆ ಇದ್ದು, ನೋಡಿ, ಕಲಿತು ಕಲಿಸಿದರು. ಆ ಶಾಲೆಯ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸಿನಲ್ಲಿ 1500 ಮೀಟರ್ ಚಿನ್ನ ಗೆದ್ದ. ಅವರ ಕೈಯಲ್ಲಿ ಪಳಗಿದ ಡೇವಿಡ್ ರುಡಿಶಾ 2012ರಲ್ಲಿ ಲಂಡನ್ನಿನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 40.91 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ. ಒಂದೇ ಊರಿನಲ್ಲಿ ಮೂವತ್ತಾರು ವರ್ಷ ನೆಲೆನಿಂತ ಒಬ್ಬ ಮೇಷ್ಟರ ಫಲವದು. ರಕ್ತ ಎಷ್ಟು ಕೊಟ್ಟಿತೋ ವಾದಿಸುವವರು ವಾದಿಸಲಿ. ಶಾಲೆ ಎಷ್ಟು ಕೊಟ್ಟಿತೆಂಬುದು ಮಾತ್ರ ಕಣ್ಣಿಗೆ ಕಾಣುವಂತಿದೆ.

ಅರ್ಧಕ್ಕೆ ನಿಂತ ಓಟ

ನಮ್ಮ ಸಿದ್ದಿ ಮಕ್ಕಳೂ ಸುಮ್ಮನೆ ಕೂರಲಿಲ್ಲ. ಕಮಲಾ ಮಿಂಗೆಲ್ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮುಂತಾದವರು ರಾಷ್ಟ್ರಮಟ್ಟಕ್ಕೆ ಏರಿದರು. ಕಾಡಂಚಿನ ಹಳ್ಳಿಗಳ ಹೆಸರು ಮೊದಲ ಬಾರಿಗೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕಾಣಿಸಿತು. ಕೆಲವರಿಗೆ ಕ್ರೀಡಾ ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ದೊರೆಯಿತು. ಆದರೆ 1993ರಲ್ಲಿ ಸಿದ್ದಿ ಮಕ್ಕಳ ತರಬೇತಿ ನಿಂತುಹೋಯಿತು. ಇನ್ನೂ ಹದಿನೈದು ಹದಿನಾರರಲ್ಲಿದ್ದ ಮಕ್ಕಳು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದರು.

ಲೆಕ್ಕ ಹಾಕಿ ನೋಡಿ. 1987ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನಿಗೆ 1993ರಲ್ಲಿ ಹದಿನಾರು. ಓಟಗಾರ ಮಾಗುವುದು ಇಪ್ಪತ್ತು ದಾಟಿದ ಮೇಲೆ. ಅಡಿಕೆ ಸಸಿ ನೆಟ್ಟವನು ಎರಡನೆಯ ವರ್ಷಕ್ಕೇ ಗೊನೆ ಕಾಣಲಿಲ್ಲವೆಂದು ತೋಟಕ್ಕೆ ನೀರು ನಿಲ್ಲಿಸಿದರೆ ನಮ್ಮ ಶಿರಸಿ ಸೀಮೆಯ ಯಾವ ರೈತ ತಾನೇ ಒಪ್ಪಿಯಾನು?

ಹಿಂದಿರುಗಿದ ಒಬ್ಬನನ್ನು ನಾನು ಚೆನ್ನಾಗಿ ಬಲ್ಲೆ, ಹೆಸರು ಬೇಡ. ಕೇಂದ್ರದಲ್ಲಿ ಕೊಟ್ಟ ನೀಲಿ ಟ್ರ್ಯಾಕ್ ಸೂಟ್ ತೊಟ್ಟು ಅವನು ಸಂತೆಯಲ್ಲಿ ಸೌದೆ ಹೊರೆ ಇಳಿಸುತ್ತಿದ್ದ. "ಮಾಸ್ತರೇ, ಅಲ್ಲಿ ಬೆಳಗ್ಗೆ ಐದಕ್ಕೆ ಸೀಟಿ ಹೊಡೀತಿದ್ರು. ಈಗಲೂ ಐದಕ್ಕೇ ಎಚ್ಚರ ಆಗ್ತದೆ, ಎದ್ದು ಏನು ಮಾಡ್ಬೇಕೋ ಗೊತ್ತಾಗೋದಿಲ್ಲ" ಎಂದ. ಅವನಿಗೆ ಪದಕ ಬರಲಿಲ್ಲವೆಂಬ ದುಃಖಕ್ಕಿಂತ, ಬೇಡವಾದವನೆಂಬ ದುಃಖ ಹೆಚ್ಚಾಗಿತ್ತು. ನಿನ್ನಲ್ಲಿ ವಿಶೇಷವಿದೆ ಎಂದು ಹೇಳಿ ಕರೆದೊಯ್ದವರು, ಯಾಕೆ ಬೇಡವಾದೆ ಎಂದು ಹೇಳದೆ ಕಳುಹಿಸಿದ್ದರು.

ಅದೇ ಯೋಜನೆ, ಬೇರೆ ಫಲ

ಹಾಗಾದರೆ ಯೋಜನೆಯೇ ತಪ್ಪೇ? ಹಾಗೆನ್ನಲು ಬರುವುದಿಲ್ಲ. ಇದೇ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆ ರಾಜಸ್ಥಾನದ ಉದಯಪುರ ಜಿಲ್ಲೆಯ ಆದಿವಾಸಿ ಹುಡುಗ ಲಿಂಬಾ ರಾಮನನ್ನು 1987ರಲ್ಲಿ ಆರಿಸಿತು. ಬಿದಿರ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದ ಅವನು ಮರುವರ್ಷವೇ ಸೋಲ್ ಒಲಿಂಪಿಕ್ಸಿಗೆ ಹೋದ. 1991ರಲ್ಲಿ ಅರ್ಜುನ ಪ್ರಶಸ್ತಿ ಪಡೆದ. 1992ರಲ್ಲಿ ಬೀಜಿಂಗಿನ ಏಷ್ಯನ್ ಸ್ಪರ್ಧೆಯಲ್ಲಿ 30 ಮೀಟರ್ ಗುರಿಯಲ್ಲಿ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಮಣಿಪುರದ ಇಂಫಾಲದಲ್ಲಿ, ಅನಾಥಾಲಯದಲ್ಲಿ ಬೆಳೆದ ಡಿಂಕೊ ಸಿಂಗ್ ಇದೇ ಯೋಜನೆಯ ಕೇಂದ್ರದಲ್ಲಿ ಬಾಕ್ಸಿಂಗ್ ಕಲಿತು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ. ಆ ಗೆಲುವನ್ನು ಕಂಡು ಕೈಗವಸು ತೊಟ್ಟವರಲ್ಲಿ ಮೇರಿ ಕೋಮ್ ಒಬ್ಬರು. ಡಿಂಕೊ 2021ರಲ್ಲಿ ತೀರಿಕೊಂಡ. ಅವನು ಹಚ್ಚಿದ ದೀಪ ಆರಲಿಲ್ಲ.

ವ್ಯತ್ಯಾಸವನ್ನು ಗಮನಿಸಿ. ಇಂಫಾಲದ ಕೇಂದ್ರ ಮಕ್ಕಳ ನಾಡಿನಲ್ಲಿಯೇ ಇತ್ತು, ಮತ್ತು ಮುಚ್ಚಲಿಲ್ಲ. ಅಣ್ಣ ಕಲಿತದ್ದನ್ನು ತಮ್ಮ ಕಂಡ, ತಮ್ಮನನ್ನು ಕಂಡು ನೆರೆಮನೆಯ ಹುಡುಗಿ ಬಂದಳು. ನಮ್ಮ ಮಕ್ಕಳನ್ನಾದರೋ ಊರಿನಿಂದ ಕಿತ್ತು ಒಯ್ದರು. ಊರಿನಲ್ಲಿ ಒಂದು ಮೈದಾನವೂ ಉಳಿಯಲಿಲ್ಲ, ಒಬ್ಬ ಕಲಿಸುವವನೂ ಉಳಿಯಲಿಲ್ಲ.

ಹರಿಯಾಣದ ಶಾಹಾಬಾದಿನಲ್ಲಿ ಗಾಡಿ ಎಳೆಯುವವರ ಮಗಳು ರಾಣಿ ರಾಂಪಾಲ್ ಹಾಕಿ ಕಲಿಯಲು ಹೋದಾಗ, ದಿನಕ್ಕೆ ಅರ್ಧ ಲೀಟರ್ ಹಾಲು ತರಬೇಕೆಂಬ ನಿಯಮವಿತ್ತು. ಮನೆಯಲ್ಲಿ ಕೊಳ್ಳಲಾಗುತ್ತಿದ್ದದ್ದು 200 ಮಿಲಿ ಲೀಟರ್. ಉಳಿದದ್ದಕ್ಕೆ ನೀರು ಬೆರೆಸಿ ಒಯ್ಯುತ್ತಿದ್ದಳಂತೆ. ಅವಳ ಗುರು ಬಲದೇವ್ ಸಿಂಗ್ ಸ್ಟಿಕ್ಕು, ಶೂ ಕೊಡಿಸಿದರು. ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಊಟ ಹಾಕಿದರು. ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ಭಾರತ ವನಿತಾ ತಂಡದ ನಾಯಕಿ ಅವಳೇ. ಹಸಿದ ಮಗುವಿಗೆ ತರಬೇತಿಯೆಂದರೆ ಮೊದಲು ಹಾಲು, ಆಮೇಲೆ ಸೀಟಿ.

ಉಳಿದದ್ದೇನು?

ಸಿದ್ದಿಗಳ ಬದುಕು ಅಲ್ಲಿಗೇ ನಿಲ್ಲಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೂ ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ವಿಧಾನಸೌಧದಲ್ಲಿ ಕುಳಿತ ಮೊದಲ ಸಿದ್ದಿ ಎನಿಸಿದರು. ಓಟವೂ ಮತ್ತೆ ಆರಂಭವಾಗಿದೆ. ನಿತೀಶ್ ಚಿನಿವಾರ್ ಅವರ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಕಳೆದ ದಶಕದಿಂದ ಮುಂಡಗೋಡ ಭಾಗದಲ್ಲಿ ಸಿದ್ದಿ ಮತ್ತಿತರ ಬಡಮಕ್ಕಳಿಗೆ ತರಬೇತಿ ಕೊಡುವ ಕೆಲಸ ಕೈಗೊಂಡಿದೆ. ಮಕ್ಕಳನ್ನು ದೂರಕ್ಕೆ ಒಯ್ಯುವ ಬದಲು ತರಬೇತಿಯನ್ನೇ ಅವರ ಸೀಮೆಗೆ ತಂದದ್ದು ನನಗೆ ಮೆಚ್ಚಿಗೆಯಾಯಿತು.

ಅರ್ಧಕ್ಕೆ ನಿಂತ ಆ ಪ್ರಯೋಗವೂ ಪೂರ್ಣ ವ್ಯರ್ಥವಾಗಲಿಲ್ಲ. ನೌಕರಿ ಹಿಡಿದ ಕೆಲವರ ಮಕ್ಕಳು ಇಂದು ಕಾಲೇಜು ಓದುತ್ತಿದ್ದಾರೆ. ತಮ್ಮವರು ದೇಶದ ಮೈದಾನಗಳಲ್ಲಿ ಓಡಿದರೆಂಬ ಹೆಮ್ಮೆ ಆ ಹಾಡಿಗಳಲ್ಲಿ ಇನ್ನೂ ಇದೆ. ಆದರೆ ಪಾಠ ಸ್ಪಷ್ಟ. ಮಗುವನ್ನು ಆರಿಸುವುದು ಒಂದು ದಿನದ ಕೆಲಸ, ಬೆಳೆಸುವುದು ಹದಿನೈದು ವರ್ಷಗಳ ಕೆಲಸ. ನಮ್ಮ ಪದಕಕ್ಕಾಗಿ ಮಗುವನ್ನು ಓಡಿಸಿದರೆ, ಪದಕ ಬಾರದ ದಿನ ಮಗುವೂ ಬೇಡವಾಗುತ್ತದೆ. ಮಗುವಿಗಾಗಿ ಓಟವನ್ನು ಕಲಿಸಿದರೆ, ಪದಕ ಬಾರದಿದ್ದರೂ ನೆಟ್ಟಗಿನ ಬೆನ್ನು, ಹತ್ತನೆಯ ತರಗತಿಯ ಸರ್ಟಿಫಿಕೇಟು, ನಾಲ್ಕು ಜನರ ಎದುರು ಮಾತಾಡುವ ಧೈರ್ಯ ಉಳಿಯುತ್ತವೆ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಕೆಲವರು ಶಾಲಾಭಿವೃದ್ಧಿ ಸಮಿತಿಗಳಲ್ಲಿದ್ದೀರಿ. ನಿಮ್ಮ ಶಾಲೆಯ ಹಿಂದಿನ ಬೆಂಚಿನ ಹುಡುಗನೋ ಹುಡುಗಿಯೋ ಆಟದ ದಿನ ಮಾತ್ರ ಮುಂದೆ ಬರುತ್ತಿದ್ದರೆ, ಆ ಮಗುವಿಗೆ ಮೊದಲು ಬೆಳಗಿನ ತಿಂಡಿಯಾಗಿದೆಯೇ ಎಂದು ಕೇಳಿರಿ. ಅನಂತರ ವಾರದ ಎಲ್ಲ ದಿನವೂ ಮೈದಾನದಲ್ಲಿ ಅದರ ಜೊತೆಗಿರಿ. 1987ರ ಆ ಶಿಬಿರಗಳನ್ನು ಕಂಡವರು, ಅದರಲ್ಲಿ ಓಡಿದವರು ಯಾರಾದರೂ ನಿಮಗೆ ಪರಿಚಯವಿದ್ದರೆ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಅವರಿಗೀಗ ಐವತ್ತರ ಆಸುಪಾಸು. ಅವರು ಹೇಳಿದರೆ ಮಾತ್ರ ಈ ಇತಿಹಾಸ ಪೂರ್ಣವಾಗುತ್ತದೆ.