ಬಿಳಿ ಪಟ್ಟಿಗಳಲ್ಲೇ ಕಾಫಿ ಥಾಟ್

ಪಿಯಾನೋ, ಹಾರ್ಮೋನಿಯಂ ಎರಡರಲ್ಲೂ ಪಟ್ಟಿಗಳ ಜೋಡಣೆ ಒಂದೇ. ಬಿಳಿ ಒಂದನ್ನು ಷಡ್ಜ ಮಾಡಿ ಬಿಳಿ ಪಟ್ಟಿಗಳನ್ನಷ್ಟೇ ನುಡಿಸಿದರೆ ಬಿಲಾವಲ್ ಥಾಟ್. ಷಡ್ಜವನ್ನು ಬಿಳಿ ಎರಡಕ್ಕೆ ಸರಿಸಿ, ಕರಿ ಪಟ್ಟಿ ಮುಟ್ಟದೆ ಮೇಲಿನ ಷಡ್ಜದವರೆಗೆ ಏರಿರಿ: ಗಾಂಧಾರ, ನಿಷಾದ ಕೋಮಲವಾಗುತ್ತವೆ. ಇದೇ ಭಾತಖಂಡೆಯವರ 10 ಥಾಟ್‌ಗಳಲ್ಲೊಂದಾದ ಕಾಫಿ. ಕರ್ನಾಟಕ ಪದ್ಧತಿಯಲ್ಲಿ 22ನೇ ಮೇಳ ಖರಹರಪ್ರಿಯ, ಪಾಶ್ಚಾತ್ಯರಲ್ಲಿ ಡೋರಿಯನ್. ಬಿಳಿ ಮೂರರಿಂದ ಭೈರವಿ, ಐದರಿಂದ ಖಮಾಜ್.

ಪಿಯಾನೋದಲ್ಲಿ ಎಡಗೈಯಿಂದ ಷಡ್ಜ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಕಿವಿ ಮತ್ತೆ ಬಿಳಿ ಒಂದಕ್ಕೇ ಮರಳುತ್ತದೆ. ಹಾರ್ಮೋನಿಯಂನಲ್ಲಿ ಎಡಗೈ ಗಾಳಿ ಹಾಕುವುದರಿಂದ ಜತೆಗೆ ತಂಬೂರಿ ಇರಲಿ.

ಉಮರ್ಗಾ, ನಿಲಂಗಾ, ಉದಗೀರದಲ್ಲಿ ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಓದಲು ಬಾರದು. ಆದರೆ ಸರಿಗಮ ಎರಡೂ ಭಾಷೆಗೆ ಒಂದೇ. ಸ್ವರದ ಕೆಳಗೆ ವಚನವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಡಿ ಎಂದು ಪಾಲಕರಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ