ಬಾನೆಟ್ಟಿನಡಿಯ ಬಿಡಿ ವೈರುಗಳು

ಅಮೆರಿಕದಲ್ಲಿ 1950ರಿಂದ 1970ರವರೆಗಿನ ದಶಕಗಳಲ್ಲಿ ತಯಾರಾದ ಪಿಕಪ್ ಟ್ರಕ್ಕುಗಳು, ಅಂದರೆ ಮುಂದೆ ಚಾಲಕನ ಕ್ಯಾಬಿನ್ನೂ ಹಿಂದೆ ಸರಕು ಹೇರುವ ತೆರೆದ ತೊಟ್ಟಿಯೂ ಇರುವ ಹಗುರ ಲಾರಿಗಳು, ಇಂದು ಸಂಗ್ರಾಹಕರ ಮತ್ತು ಹವ್ಯಾಸಿ ಮೆಕ್ಯಾನಿಕ್ಕುಗಳ ಕೈಯಲ್ಲಿ ಮತ್ತೆ ರಸ್ತೆಗಿಳಿಯುತ್ತಿವೆ. ಅಂಥ ಗಾಡಿಯ ಬಾನೆಟ್ ಎತ್ತಿದವರ ಕಣ್ಣಿಗೆ ಬಹುಮಟ್ಟಿಗೆ ತಪ್ಪದೆ ಬೀಳುವುದು ಯಾವುದಕ್ಕೂ ಸೇರದೆ ಜೋತುಬಿದ್ದ ನಾಲ್ಕಾರು ವೈರುಗಳು: ಒಂದರ ತುದಿಯಲ್ಲಿ ಪ್ಲಾಸ್ಟಿಕ್ ಪ್ಲಗ್ ಇನ್ನೂ ಉಳಿದಿರುತ್ತದೆ, ಇನ್ನೊಂದಕ್ಕೆ ಟೇಪು ಸುತ್ತಿ ಮಡ್‌ಗಾರ್ಡಿನ ಮರೆಗೆ ಸಿಕ್ಕಿಸಲಾಗಿರುತ್ತದೆ, ಮತ್ತೊಂದನ್ನು ಯಾರೋ ಇಕ್ಕಳದಿಂದ ಕತ್ತರಿಸಿ ಹಾಗೆಯೇ ಬಿಟ್ಟಿರುತ್ತಾರೆ. ಇವನ್ನು ಕಸವೆಂದು ಕಿತ್ತೆಸೆಯುವವರು ಅನೇಕರಿದ್ದರೂ, ಹಳೆಯ ಮನೆಯ ಗೋಡೆಯಲ್ಲಿ ಉಳಿದ ತೊಲೆಯ ಗುಳಿಗಳು ಅಲ್ಲೊಮ್ಮೆ ಅಟ್ಟವಿತ್ತೆಂಬುದನ್ನು ತೋರಿಸುವಂತೆ, ಈ ವೈರುಗಳೂ ಒಮ್ಮೆ ಇದ್ದು ಈಗಿಲ್ಲದ ಒಂದೊಂದು ಸಾಧನವನ್ನು ತೋರಿಸುತ್ತವೆ. ಆ ಸಾಧನ ಏಕೆ ಬಂತು, ಏಕೆ ಹೋಯಿತು ಎಂದು ಹುಡುಕುತ್ತ ಹೋದರೆ ಅಮೆರಿಕದ ಮೋಟಾರು ಉದ್ಯಮದ ಅರ್ಧ ಶತಮಾನದ ಚರಿತ್ರೆ ತೆರೆದುಕೊಳ್ಳುತ್ತದೆ.

ಮೊದಲ ಗಾಡಿಗಳಲ್ಲಿ ಇಂಥ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಬೇಕಾದ ವಿದ್ಯುತ್ತು ಎಂಜಿನ್ನಿನ ಫ್ಲೈವೀಲಿಗೆ ಬಿಗಿದ 16 ಅಯಸ್ಕಾಂತಗಳ ಮ್ಯಾಗ್ನೆಟೊದಿಂದ, ಎಂದರೆ ಬ್ಯಾಟರಿಯ ನೆರವಿಲ್ಲದೆ ತಾನೇ ವಿದ್ಯುತ್ ಹುಟ್ಟಿಸುವ ಯಂತ್ರದಿಂದ ಬರುತ್ತಿತ್ತು. 1917ರಲ್ಲಿ ಅದೇ ಕಂಪನಿ ಹೊರತಂದ ಒಂದು ಟನ್ನಿನ ಮಾಡೆಲ್ ಟಿಟಿ ಟ್ರಕ್ಕಿನದೂ ಇದೇ ವ್ಯವಸ್ಥೆ. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವ ಅಪಾಯದ ಕೆಲಸವನ್ನು ತಪ್ಪಿಸಲು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್, ನಮ್ಮಲ್ಲಿ 'ಸೆಲ್ಫ್' ಎಂದೇ ಹೆಸರಾದದ್ದು, 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದ ಮೇಲೆ ದೊಡ್ಡ ಬ್ಯಾಟರಿಯೂ ಅದನ್ನು ತುಂಬುವ ಡೈನಮೊವೂ ಅನಿವಾರ್ಯವಾದವು, ಅವುಗಳ ಹಿಂದೆಯೇ ದೀಪ, ಹಾರನ್ನು, ಒರೆಸುವ ಕಡ್ಡಿ, ಹೀಟರು, ರೇಡಿಯೊ ಒಂದೊಂದಾಗಿ ಸೇರಿಕೊಂಡವು.

ವೈರುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದ ಒಂದು ಉಪಾಯವನ್ನು ಇಲ್ಲಿ ಹೇಳಲೇಬೇಕು. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಬ್ಯಾಟರಿಗೇ ಮರಳಬೇಕಾದ್ದರಿಂದ ಪ್ರತಿ ದೀಪಕ್ಕೂ ಎರಡು ವೈರು ಬೇಕು. ಆದರೆ ಬ್ಯಾಟರಿಯ ಒಂದು ತುದಿಯನ್ನು ಗಾಡಿಯ ಉಕ್ಕಿನ ಚೌಕಟ್ಟಿಗೆ ಜೋಡಿಸಿದರೆ ಚೌಕಟ್ಟೇ ಮರಳುವ ದಾರಿಯಾಗುತ್ತದೆ, ಇದಕ್ಕೆ 'ಅರ್ತ್' ಎನ್ನುತ್ತಾರೆ. ಜೋತುಬಿದ್ದ ಒಂದು ವೈರು ಅಪಾಯಕಾರಿಯಾಗುವುದು ಈ ಕಾರಣದಿಂದಲೇ, ಏಕೆಂದರೆ ಅದರಲ್ಲಿ ವಿದ್ಯುತ್ತು ಇದ್ದು ಅದರ ಬೆತ್ತಲೆ ತುದಿ ಯಾವ ಲೋಹಕ್ಕೆ ತಾಗಿದರೂ ಮಂಡಲ ಪೂರ್ಣವಾಗಿ, ನಡುವೆ ಫ್ಯೂಸು ಇಲ್ಲದಿದ್ದರೆ ವೈರು ಕಾಯ್ದು ಹೊದಿಕೆ ಹೊತ್ತಿಕೊಳ್ಳುತ್ತದೆ. ಫೋರ್ಡ್ ಟ್ರಕ್ಕುಗಳು 1955ರವರೆಗೆ 6 ವೋಲ್ಟ್ ಬ್ಯಾಟರಿಯ ಧನ ತುದಿಯನ್ನು ಅರ್ತ್ ಮಾಡುತ್ತಿದ್ದವು, ಷೆವ್ರೊಲೆ ಋಣ ತುದಿಯನ್ನು. ವಿ-8 ಎಂಜಿನ್ನುಗಳ ಒತ್ತಡ ಹೆಚ್ಚಿ ಅವನ್ನು ತಿರುಗಿಸಲು 6 ವೋಲ್ಟಿನ ಸೆಲ್ಫ್ ಏದುಸಿರು ಬಿಡತೊಡಗಿದಾಗ, ವೋಲ್ಟೇಜ್ ಇಮ್ಮಡಿಸಿದರೆ ಅದೇ ಕೆಲಸಕ್ಕೆ ಅರ್ಧ ಕರೆಂಟು ಸಾಕೆಂಬ ಲೆಕ್ಕದಿಂದ ಷೆವ್ರೊಲೆ ಟ್ರಕ್ಕುಗಳು 1955ರ ನಡುವೆ, ಫೋರ್ಡ್ ಟ್ರಕ್ಕುಗಳು 1956ರಲ್ಲಿ 12 ವೋಲ್ಟಿಗೆ ಬದಲಾದವು, ಫೋರ್ಡ್ ಅದೇ ಸಮಯದಲ್ಲಿ ಋಣ ತುದಿಯನ್ನೇ ಅರ್ತ್ ಮಾಡತೊಡಗಿತು. ಹತ್ತಿಯ ನೂಲು ಹೆಣೆದು ಮೆರುಗೆಣ್ಣೆ ಬಳಿದ ಹಳೆಯ ಹೊದಿಕೆಯ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ವೈರಿನ ಬಣ್ಣ ನೋಡಿ ಅದರ ಕೆಲಸ ಹೇಳುವುದು ಆಮೇಲೆ ಸುಲಭವಾಯಿತು.

ಬಿಡಿ ವೈರುಗಳ ಅಧ್ಯಯನಕ್ಕೆ ಎಲ್ಲಕ್ಕಿಂತ ಫಲವತ್ತಾದ ಕ್ಷೇತ್ರವೆಂದರೆ 1967ರಿಂದ 1972ರವರೆಗೆ ತಯಾರಾದ ಷೆವ್ರೊಲೆ ಸಿ-10 ಮತ್ತು ಅದರ ಬಳಗದ ಟ್ರಕ್ಕುಗಳು. ಇವುಗಳಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸುವ ಕೆಲಸ 'ಪಾಯಿಂಟು'ಗಳದು, ಅಂದರೆ ಡಿಸ್ಟ್ರಿಬ್ಯೂಟರಿನೊಳಗೆ ಕೂಡುತ್ತ ಅಗಲುತ್ತ, ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲಿನ ಕರೆಂಟನ್ನು ಕಡಿಯುವ ಪುಟ್ಟ ಲೋಹದ ಬಿಲ್ಲೆಗಳದು. ಕಾಯಿಲಿಗೆ ಪೂರ್ತಿ 12 ವೋಲ್ಟ್ ಸದಾ ಹರಿದರೆ ಪಾಯಿಂಟುಗಳು ಬೇಗ ಸುಟ್ಟುಹೋಗುವುದರಿಂದ, ದಾರಿಯಲ್ಲಿ ವೋಲ್ಟೇಜನ್ನು ಇಳಿಸಲೆಂದು ಪ್ರತಿರೋಧಕ ಲೋಹದಿಂದಲೇ ಮಾಡಿದ, ಬಟ್ಟೆ ಹೊದಿಕೆಯ ಒಂದು ವಿಶೇಷ ವೈರನ್ನು ಕಾರ್ಖಾನೆಯವರು ಹಾಕುತ್ತಿದ್ದರು. ಆದರೆ ಸೆಲ್ಫ್ ಹೊಡೆಯುವ ಗಳಿಗೆಯಲ್ಲಿ ಬ್ಯಾಟರಿಯ ವೋಲ್ಟೇಜ್ ತಾನೇ ಕುಸಿಯುವುದರಿಂದ, ಆ ಕೆಲವೇ ಕ್ಷಣ ಕಾಯಿಲಿಗೆ ಬ್ಯಾಟರಿಯ ಪೂರ್ತಿ ಬಲ ಸಿಗಲೆಂದು ಸೆಲ್ಫಿನ ಸಾಲಿನಾಯ್ಡಿನಿಂದ, ಎಂದರೆ ಅದರ ಮೇಲೆ ಕೂತ ವಿದ್ಯುತ್ ಸ್ವಿಚ್ಚಿನಿಂದ, ಹಳದಿ ಬಣ್ಣದ ಇನ್ನೊಂದು ವೈರು ನೇರವಾಗಿ ಬರುತ್ತಿತ್ತು. ಚಳಿಗಾಲದ ಹಿಮದಲ್ಲಿ ಗಾಡಿ ಹೊರಡಬೇಕಾದ ನಾಡಿನಲ್ಲಿ ಹುಟ್ಟಿದ ಈ ಎರಡು ವೈರುಗಳ ಜೋಡಣೆ ಎಂಜಿನಿಯರುಗಳ ಜಾಣ್ಮೆಗೆ ಒಳ್ಳೆಯ ನಿದರ್ಶನ.

ಷೆವ್ರೊಲೆಯ ಒಡೆತನದ ಕಂಪನಿಯಾದ ಜನರಲ್ ಮೋಟರ್ಸ್ 1974-75ರ ಹೊತ್ತಿಗೆ ಪಾಯಿಂಟುಗಳಿಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನು ತಂದಿತು. ಅದು ಸದಾ ಪೂರ್ತಿ 12 ವೋಲ್ಟ್ ಬಯಸುತ್ತದೆ, ನಿರ್ವಹಣೆ ಕಡಿಮೆ ಕೇಳುತ್ತದೆ, ಹಳೆಯ ಎಂಜಿನ್ನಿಗೂ ಸಲೀಸಾಗಿ ಕೂರುತ್ತದೆ. ಆದ್ದರಿಂದ ಸಾವಿರಾರು ಮಾಲೀಕರು ಅದನ್ನು ತಮ್ಮ ಹಳೆಯ ಟ್ರಕ್ಕುಗಳಿಗೆ ಅಳವಡಿಸಿ, ಫ್ಯೂಸ್ ಪೆಟ್ಟಿಗೆಯಿಂದ ಹೊಸ ವೈರೊಂದನ್ನು ಎಳೆದು, ಬಟ್ಟೆ ಹೊದಿಕೆಯ ವೈರನ್ನೂ ಹಳದಿ ವೈರನ್ನೂ ಹಾಗೆಯೇ ಬಿಟ್ಟರು. ಈ ಎರಡೂ ಮುಂದಿನ ಮಾಲೀಕನನ್ನು ದಾರಿ ತಪ್ಪಿಸುವ ಬಗೆ ವಿಲಕ್ಷಣವಾದದ್ದು. ಕೀಲಿ ತಿರುಗಿಸಿ ಮೀಟರು ಹಿಡಿದರೆ ಹಳದಿ ವೈರು ಸತ್ತಂತೆ ಕಾಣುತ್ತದೆ, ಆದರೆ ಸೆಲ್ಫ್ ಹೊಡೆದಾಗ ಮಾತ್ರ ಜೀವ ತಾಳುತ್ತದೆ. ಪ್ರತಿರೋಧಕ ವೈರಿನ ತುದಿಗೆ ಮೀಟರು ಹಿಡಿದರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಕರೆಂಟು ಹರಿದಾಗಷ್ಟೇ ಅದರಲ್ಲಿ ವೋಲ್ಟೇಜ್ ಇಳಿಯುವುದು. ಅಲ್ಲಿಗೆ ಬೇರೆ ಸಾಧನ ಜೋಡಿಸಿದವನಿಗೆ ಅದು ಏಕೆ ಸೊರಗುತ್ತದೆಂಬುದು ತಿಳಿಯುವುದಿಲ್ಲ. ಬಲ್ಬೊಂದಕ್ಕೆ ಎರಡು ವೈರು ಕಟ್ಟಿದ ಸಾಮಾನ್ಯ ಟೆಸ್ಟ್ ಲ್ಯಾಂಪ್ ಇಲ್ಲಿ ದುಬಾರಿ ಮೀಟರಿಗಿಂತ ಹೆಚ್ಚು ಸತ್ಯ ಹೇಳುತ್ತದೆ, ಏಕೆಂದರೆ ಬಲ್ಬು ಕರೆಂಟನ್ನು ಎಳೆಯುವುದರಿಂದ ಮಂಕಾಗಿ ಉರಿದು ಪ್ರತಿರೋಧದ ಸುಳಿವು ಕೊಡುತ್ತದೆ.

ಚಾರ್ಜಿಂಗ್ ವ್ಯವಸ್ಥೆಯ ಕಥೆಯೂ ಇಂಥದ್ದೇ. ಡೈನಮೊ ನಿಧಾನದ ಓಟದಲ್ಲಿ ಬ್ಯಾಟರಿ ತುಂಬಲಾರದು ಎಂಬ ಕೊರತೆಯನ್ನು ನೀಗಿದ ಆಲ್ಟರ್ನೇಟರನ್ನು ಕ್ರೈಸ್ಲರ್ 1960ರ ವ್ಯಾಲಿಯಂಟ್ ಕಾರಿನಲ್ಲಿ ತಂದಿತು, ಜನರಲ್ ಮೋಟರ್ಸ್ 1963ರ ಮಾದರಿಗಳಲ್ಲಿ ಅದನ್ನು ಅನುಸರಿಸಿತು. ಆರಂಭದ ಆಲ್ಟರ್ನೇಟರುಗಳಿಗೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಬೇರೆ ಡಬ್ಬಿಯಾಗಿ ರೇಡಿಯೇಟರಿನ ಪಕ್ಕ ಕೂರುತ್ತಿತ್ತು. 1973ರ ಹೊಸ ಟ್ರಕ್ಕುಗಳ ಹೊತ್ತಿಗೆ ಅದು ಆಲ್ಟರ್ನೇಟರಿನ ಹೊಟ್ಟೆಯೊಳಗೇ ಸೇರಿತು. ಹಳೆಯ ಟ್ರಕ್ಕಿಗೆ ಹೊಸ ಆಲ್ಟರ್ನೇಟರ್ ಕೂರಿಸಿದವರು ಹಳೆಯ ಡಬ್ಬಿಯನ್ನು ಬಿಚ್ಚಿದಾಗ ನಾಲ್ಕು ವೈರುಗಳ ಅಗಲ ಪ್ಲಗ್ಗೊಂದು ಅಲ್ಲಿ ಉಳಿಯಿತು. ಅದರಲ್ಲಿರುವ ಕಂದು ವೈರು ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪದಿಂದ ಬರುವಂಥದು, ಆಲ್ಟರ್ನೇಟರನ್ನು ಮೊದಲಿಗೆ ಚುರುಕುಗೊಳಿಸುವ ಅಲ್ಪ ಕರೆಂಟು ಆ ದೀಪದ ಮೂಲಕವೇ ಹರಿಯುತ್ತದೆ. ಇದನ್ನರಿಯದೆ ಕಂದು ವೈರನ್ನು ಕತ್ತರಿಸಿದವರ ಬ್ಯಾಟರಿ ಚಾರ್ಜ್ ಆಗದೆ ಹೋಗುತ್ತದೆ, ದೋಷ ಮಾತ್ರ ಆಲ್ಟರ್ನೇಟರಿನ ಮೇಲೆ ಬೀಳುತ್ತದೆ.

ಕಾನೂನು ಹುಟ್ಟಿಸಿದ ವೈರುಗಳದು ಮತ್ತೊಂದು ಪಂಗಡ. ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯ ಹೊಗೆಕೊಳವೆಯ ಅನಿಲಕ್ಕೆ 1966ರ ಮಾದರಿಗಳಿಂದ ಮಿತಿ ಹೇರಿತು, 1968ರ ಮಾದರಿಗಳಿಂದ ಇಡೀ ದೇಶಕ್ಕೆ ನಿಯಮ ಬಂತು, 1970ರ ಶುದ್ಧ ಗಾಳಿ ಕಾಯಿದೆ ಅದನ್ನು ಬಹಳ ಬಿಗಿಗೊಳಿಸಿತು. ಜನರಲ್ ಮೋಟರ್ಸ್ 1970ರ ಮಾದರಿಗಳಿಂದ ಬಳಸಿದ ಒಂದು ಏರ್ಪಾಡಿನಲ್ಲಿ, ಕೆಳ ಗೇರುಗಳಲ್ಲಿ ಓಡುವಾಗ ಕಿಡಿಯನ್ನು ಮುಂಚಿತವಾಗಿ ಹಾರಿಸುವ ನಿರ್ವಾತ ಸಾಧನಕ್ಕೆ ತಡೆಯೊಡ್ಡಲು ಗೇರ್‌ಬಾಕ್ಸಿನಲ್ಲೊಂದು ಸ್ವಿಚ್ಚು, ಎಂಜಿನ್ನಿನ ಮೇಲೊಂದು ಸಾಲಿನಾಯ್ಡ್, ಜೊತೆಗೆ ಉಷ್ಣತೆ ಅರಿಯುವ ಇನ್ನೊಂದು ಸ್ವಿಚ್ಚು ಇದ್ದವು. ಕೀಲಿ ತೆಗೆದ ಮೇಲೂ ಬಿಸಿ ಎಂಜಿನ್ ಗಡಗಡಿಸುತ್ತ ಓಡುವುದನ್ನು ತಡೆಯಲು ಕಾರ್ಬುರೇಟರಿನ ಬದಿಯಲ್ಲಿ ಮತ್ತೊಂದು ಸಾಲಿನಾಯ್ಡ್ ಬಂತು. ಮೈಲೇಜು ಕುಂದಿತೆಂದು ಬೇಸತ್ತ ಮಾಲೀಕರು ಇವನ್ನೆಲ್ಲ ಕಳಚಿ ಹಾಕಿದರು. ಕಾರ್ಬುರೇಟರನ್ನೇ ಬದಲಿಸಿದಾಗ ಸಾಲಿನಾಯ್ಡ್ ಅದರೊಡನೆ ಹೋಯಿತು, ವೈರು ಮಾತ್ರ ಉಳಿಯಿತು. 6000 ಪೌಂಡು, ಅಂದರೆ ಸುಮಾರು 2,720 ಕಿಲೊ ಒಟ್ಟು ತೂಕ ಮೀರಿದ ಟ್ರಕ್ಕುಗಳಿಗೆ ನಿಯಮ ಸಡಿಲವಾಗಿದ್ದುದರಿಂದ ಫೋರ್ಡ್ ಕಂಪನಿ 1975ರಲ್ಲಿ ಆ ಗೆರೆ ದಾಟಿಸಿ ಎಫ್-150 ಎಂಬ ಮಾದರಿಯನ್ನೇ ಸೃಷ್ಟಿಸಿತು. ಒಂದೇ ವರ್ಷದ, ಒಂದೇ ಆಕಾರದ ಎರಡು ಟ್ರಕ್ಕುಗಳ ಬಾನೆಟ್ಟಿನಡಿ ಬೇರೆ ಬೇರೆ ಸಾಧನಗಳು ಕಾಣುವುದಕ್ಕೆ ಇದೂ ಒಂದು ಕಾರಣ.

ಮಾಲೀಕರೇ ತಂದು ಸೇರಿಸಿದ ವೈರುಗಳು ಇವೆಲ್ಲಕ್ಕಿಂತ ಹೆಚ್ಚು ಪೀಡಿಸುತ್ತವೆ, ಏಕೆಂದರೆ ಅವು ಯಾವ ನಕ್ಷೆಯಲ್ಲೂ ಇರುವುದಿಲ್ಲ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದು, 1974ರಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ದೇಶಕ್ಕೆಲ್ಲ ಬಂದಾಗ, ಪೆಟ್ರೋಲು ಸಿಗುವ ಬಂಕುಗಳ ಮತ್ತು ಪೊಲೀಸರ ಸುದ್ದಿಯನ್ನು ಪರಸ್ಪರ ಮುಟ್ಟಿಸಲು ಚಾಲಕರು ಸಿಬಿ ರೇಡಿಯೊಗಳನ್ನು, ಎಂದರೆ ಸಾರ್ವಜನಿಕರಿಗೆ ತೆರೆದಿಟ್ಟ ಚಾನಲ್ಲುಗಳಲ್ಲಿ ಮಾತಾಡುವ ಪುಟ್ಟ ವೈರ್‌ಲೆಸ್‌ಗಳನ್ನು, ಮುಗಿಬಿದ್ದು ಹಾಕಿಸಿಕೊಂಡರು. ಅದಕ್ಕೂ, ಹಿಂದೆ ಎಳೆಯುವ ಟ್ರೇಲರಿನ ದೀಪಗಳಿಗೂ ಸಿಕ್ಕಿದ ವೈರಿನಿಂದ ಕವಲು ತೆಗೆದರು. ಹೊದಿಕೆಯನ್ನು ಕಚ್ಚಿ ಒಳಗಿನ ತಾಮ್ರವನ್ನು ಮುಟ್ಟುವ ಒತ್ತುಬಿಲ್ಲೆಗಳನ್ನು ಹಾಕಿದಲ್ಲೆಲ್ಲ ತೇವ ನುಗ್ಗಿ ತಾಮ್ರ ಹಸಿರು ಕಿಲುಬು ಹಿಡಿಯಿತು. ರೇಡಿಯೊ ಹೋಗಿ ದಶಕಗಳಾದರೂ ಆ ಕವಲುಗಳು ಇನ್ನೂ ಇವೆ.

ಕೊನೆಗೆ, ಯಾರೂ ಕಳಚದೆಯೇ ಬಿಡಿಯಾಗಿ ಉಳಿದ ವೈರುಗಳೂ ಉಂಟೆಂಬುದನ್ನು ಮರೆಯಬಾರದು. ಕಾರ್ಖಾನೆ ಪ್ರತಿ ಗಾಡಿಗೂ ಪ್ರತ್ಯೇಕ ಹಾರ್ನೆಸ್ಸನ್ನು, ಎಂದರೆ ಒಟ್ಟಿಗೆ ಕಟ್ಟಿದ ವೈರುಗಳ ಕಂತೆಯನ್ನು, ಹೆಣೆಯುವ ಬದಲು ಹಲವು ಐಚ್ಛಿಕ ಸಾಧನಗಳಿಗೆ ಹೊಂದುವ ಒಂದೇ ಕಂತೆಯನ್ನು ಅನೇಕ ಗಾಡಿಗಳಿಗೆ ಹಾಕುವುದು ಅಗ್ಗವಾಗುತ್ತಿದ್ದುದರಿಂದ, ಕೊಂಡವನು ಬೇಡವೆಂದ ಸಾಧನದ ಪ್ಲಗ್ಗು ಹೊಸ ಗಾಡಿಯಲ್ಲೇ ಖಾಲಿಯಾಗಿ ಕೂತಿರುತ್ತಿತ್ತು. ಅಂಥ ಪ್ಲಗ್ಗಿನ ಲೋಹದ ನಾಲಿಗೆಗಳು ಗೀಚಿಲ್ಲದೆ ಹೊಳೆಯುತ್ತಿದ್ದರೆ ಅದಕ್ಕೆ ಯಾವುದೂ ಎಂದೂ ಸೇರಿರಲಿಲ್ಲವೆಂದು ಊಹಿಸಬಹುದು.

ಹುಡುಕಾಟದ ಕ್ರಮ ಬಿಡಿ ವೈರುಗಳ ಈ ಬಗೆಬಗೆಯ ಮೂಲಗಳ ಅರಿವಿನಿಂದಲೇ ಹೊರಡುತ್ತದೆ. ಬ್ಯಾಟರಿ ಬಿಚ್ಚಿ, ವೈರನ್ನು ಬಿಡಿ ತುದಿಯಿಂದ ಅದು ಹೊರಟ ಕಡೆಗೆ ಬೆರಳಿನಿಂದಲೇ ಹಿಂಬಾಲಿಸಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯನ್ನು ಅದು ಯಾವ ಜಾಗದಲ್ಲಿ ದಾಟುತ್ತದೆಂದು ನೋಡಿ, ಕಾರ್ಖಾನೆಯ ವೈರಿಂಗ್ ನಕ್ಷೆಗೆ ಹೋಲಿಸಬೇಕು. ಜನರಲ್ ಮೋಟರ್ಸ್ ಗಾಡಿಗಳಲ್ಲಿ ನೇರಳೆ ಸೆಲ್ಫಿಗೆ, ಗುಲಾಬಿ ಕೀಲಿಯಿಂದ ಬರುವ ವಿದ್ಯುತ್ತಿಗೆ, ಕಡು ಹಸಿರು ಎಂಜಿನ್ನಿನ ಬಿಸಿ ತೋರಿಸುವ ಮೀಟರಿಗೆ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಬಿಸಿ ಅರಿಯುವ ಸಾಧನದ ಜಾಗ ಬದಲಾಗಿ, ಹಸಿರು ವೈರು ಅಲ್ಲಿಗೆ ತಲುಪದೆ ಜೋಲಾಡುವುದುಂಟು. ಎಣ್ಣೆ ಮತ್ತು ಶಾಖದಿಂದ ಬಣ್ಣ ಮಾಸುವುದರಿಂದ, ಕಂತೆಯ ಟೇಪು ಬಿಡಿಸಿ ಒಳಗಿನ ಮಾಸದ ಭಾಗವನ್ನು ನೋಡುವುದು ಜಾಣತನ. ಬ್ಯಾಟರಿಯ ಬಳಿ ದಪ್ಪ ವೈರಿಗೆ ಸೇರಿಸಿದ ಸಣ್ಣ ತುಂಡೊಂದು ಸುಟ್ಟು ಕಡಿದಿದ್ದರೆ ಅದು ಫ್ಯೂಸಿಬಲ್ ಲಿಂಕ್, ಅಂದರೆ ಅವಘಡದಲ್ಲಿ ತಾನು ಕರಗಿ ಉಳಿದ ವೈರನ್ನು ಉಳಿಸುವ ತೆಳು ವೈರು; ಅದರ ಜಾಗಕ್ಕೆ ಸಾಮಾನ್ಯ ವೈರು ಹಾಕುವುದು ಬೆಂಕಿಗೆ ಆಹ್ವಾನ.

1996ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಕಾರು ಮತ್ತು ಹಗುರ ಟ್ರಕ್ಕುಗಳಿಗೆಲ್ಲ ಏಕರೂಪದ ಕಂಪ್ಯೂಟರ್ ತಪಾಸಣೆ ಕಡ್ಡಾಯವಾದ ಮೇಲೆ, ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ವೈರು ಕಳಚಿದರೆ ಗಾಡಿಯೇ ದೀಪ ಹೊತ್ತಿಸಿ ದೋಷದ ಸಂಖ್ಯೆಯನ್ನು ದಾಖಲಿಸುತ್ತದೆ. ಅದಕ್ಕೂ ಹಿಂದಿನ ಟ್ರಕ್ಕುಗಳಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅವುಗಳ ಬಾನೆಟ್ಟಿನಡಿ ಕೈ ಹಾಕುವವರು ಯಾವ ವೈರನ್ನೂ ಗುರುತಿಸುವ ಮುನ್ನ ಕತ್ತರಿಸದಿರಲಿ, ಬೇಡವಾದದ್ದರ ತುದಿಯನ್ನು ಮುಚ್ಚಿ, ಅದು ಎಲ್ಲಿಂದ ಬಂದದ್ದು, ಯಾವುದಕ್ಕೆ ಸೇರಿತ್ತು, ಯಾವ ವರ್ಷ ಬಿಚ್ಚಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿಡಲಿ.