ಎರಡಾಣೆಯ ಪಾಠ

ಜಕ್ಕೂರು ಎಂದೊಡನೆ ಹಳೆಯ ಬೆಂಗಳೂರಿಗರಿಗೆ ನೆನಪಾಗುವುದು ಎರಡು: ಒಂದು ಕೆರೆ, ಇನ್ನೊಂದು ವಿಮಾನ ಮೈದಾನ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳ ಚಿತ್ರವೇ ಬದಲಾಯಿತು. ಹೊಲ, ತೋಟಗಳಿದ್ದಲ್ಲಿ ಬಡಾವಣೆಗಳೆದ್ದವು. ನೆಲ ಇದ್ದವರಿಗೆ ಹಣ ಬಂತು. ನೆಲವಿಲ್ಲದವರು ಕೂಲಿ ಹುಡುಕಿಕೊಂಡು ಅಲ್ಲಿಗೇ ಬಂದರು. ಇಂದು ಈ ಎರಡೂ ಬಗೆಯ ಮನೆಗಳ ಹದಿನೈದರ ಮಕ್ಕಳಲ್ಲಿ ಸಾಮಾನ್ಯವಾಗಿರುವುದು ಒಂದೇ ವಸ್ತು. ಅದು ಮೊಬೈಲ್. ಹಣ ಬರುವುದೂ ಅದರಲ್ಲೇ, ಹೋಗುವುದೂ ಅದರಲ್ಲೇ. ಸಾಲ ಕೊಡುತ್ತೇವೆ ಎನ್ನುವವನೂ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವನೂ ಅದರಲ್ಲೇ ಬಂದು ಬಾಗಿಲು ತಟ್ಟುತ್ತಾರೆ.

ಈ ಮಕ್ಕಳಿಗೆ ಹಣದ ಪಾಠ ಹೇಳಿಕೊಟ್ಟವರು ಯಾರು? ಶಾಲೆಯಲ್ಲಿ ಸರಳ ಬಡ್ಡಿ, ಚಕ್ರಬಡ್ಡಿಯ ಲೆಕ್ಕ ಇದೆ. ಅದು ಪರೀಕ್ಷೆಗೆ. ಮನೆಯಲ್ಲಿ ಹಣದ ಮಾತು ಬಂದರೆ ‘ನೀನು ಓದಿಕೋ ಹೋಗು’ ಎನ್ನುತ್ತೇವೆ. ಮಸೀದಿಯ ಪ್ರವಚನದಲ್ಲಿ ಬಡ್ಡಿ ನಿಷಿದ್ಧವೆಂದು ಹೇಳುತ್ತೇವೆ, ಲೆಕ್ಕ ಇಡುವುದು ಹೇಗೆಂದು ಹೇಳುವುದಿಲ್ಲ. ಆದರೆ ಕನ್ನಡ ನಾಡಿನಲ್ಲಿ ಹಣದ ಪಾಠವನ್ನು ಊರೇ ಕಲಿಸಿದ ಕಾಲವೊಂದಿತ್ತು. ಅದನ್ನು ತಿಳಿಯಲು ನಾವು ನೂರು ವರ್ಷಕ್ಕೂ ಹಿಂದಕ್ಕೆ, ಉತ್ತರ ಕರ್ನಾಟಕ ಮತ್ತು ಕರಾವಳಿಯ ಕಡೆಗೆ ನೋಡಬೇಕು.

ಊರೇ ಶಾಲೆಯಾದ ಕಾಲ

1905ರಲ್ಲಿ ಗದಗದ ಬಳಿಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದ ರೈತರು ತಮ್ಮ ತಮ್ಮಲ್ಲೇ ಹಣ ಕೂಡಿಸಿ, ತಮ್ಮವರಿಗೇ ಸಾಲ ಕೊಟ್ಟು, ತಾವೇ ಲೆಕ್ಕ ಕೇಳುವುದನ್ನು ಕಲಿತರು.

ಮರುವರ್ಷ, 1906ರ ಮಾರ್ಚ್ 12ರಂದು, ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಗೆಳೆಯರ ಜೊತೆಗೂಡಿ ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’ ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಇಂದು ಈ ಮೊತ್ತ ಕೇಳಿದರೆ ನಗು ಬರಬಹುದು. ಆದರೆ ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟರಲ್ಲ, ಪಾಠ ಇರುವುದು ಅಲ್ಲೇ. ಜನರ ಮುಂದೆ ಅವರು ಇಟ್ಟ ಮನವಿಯೂ ನೆನಪಿಡಬೇಕಾದದ್ದು. ಜಾತಿ, ಮತಗಳ ಭೇದವಿಲ್ಲದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು, ಪರಸ್ಪರ ಸಹಕಾರ ಕಲಿಸುವುದು ಅದರ ಗುರಿಯಾಗಿತ್ತು. ಮುಂದೆ ಇದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್‌ನಲ್ಲಿ ವಿಲೀನವಾಯಿತು.

ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇಂದಿನ ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಸ್ಥಾಪಿಸಿದರು. ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲು ಕಟ್ಟಿದವರೂ ಅವರೇ. ಶಾಲೆ ಬೇರೆ, ಬ್ಯಾಂಕು ಬೇರೆ ಎಂದು ಅವರು ಎಣಿಸಿರಲಿಲ್ಲ.

ಬಡವನ ಮನೆಬಾಗಿಲಿಗೆ ಈ ಪಾಠ ತಲುಪಿದ್ದು 1928ರಲ್ಲಿ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ ಅವರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. ಮೂರು ವರ್ಷಗಳ ಬಳಿಕ ಅದು ‘ಪಿಗ್ಮಿ’ ಯೋಜನೆ ತಂದಿತು. ಏಜೆಂಟರು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದರು. ಎಂಟು ದಿನಕ್ಕೆ ಒಂದು ರೂಪಾಯಿ. ಪಿಗ್ಮಿ ಕಟ್ಟುವ ಅಪ್ಪ, ಅಮ್ಮನನ್ನು ನೋಡುತ್ತಾ ಬೆಳೆದ ಮಕ್ಕಳಿಗೆ ಉಳಿತಾಯದ ಬಗ್ಗೆ ಬೇರೆ ಭಾಷಣ ಬೇಕಿರಲಿಲ್ಲ.

1970ರಲ್ಲಿ ಶಾಲೆಗಳಿಗೆ ‘ಸಂಚಯಿಕ’ ಬಂತು. ಅದು ಮಕ್ಕಳೇ ನಡೆಸುವ ಬ್ಯಾಂಕು. ಒಬ್ಬ ವಿದ್ಯಾರ್ಥಿ ಮ್ಯಾನೇಜರ್, ಇನ್ನೊಬ್ಬ ಕ್ಯಾಷಿಯರ್; ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡುವವರು. ನಾಲ್ಕಾಣೆ, ಎಂಟಾಣೆ ಕಟ್ಟಿ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡ ನೆನಪು ನಮ್ಮಲ್ಲಿ ಹಲವರಿಗೆ ಇದ್ದೀತು. ಇನ್ನು 1980ರ ದಶಕದಿಂದ ಮೈರಾಡದಂಥ ಸಂಸ್ಥೆಗಳೂ 2000ದಿಂದ ಸರಕಾರದ ಸ್ತ್ರೀಶಕ್ತಿ ಯೋಜನೆಯೂ ಹಳ್ಳಿ ಹಳ್ಳಿಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಬೆಳೆಸಿದವು. ಓದುಬರಹ ಬಾರದ ತಾಯಂದಿರ ಸಂಘದ ಪುಸ್ತಕ ಬರೆದುಕೊಟ್ಟವರು ಎಷ್ಟೋ ಕಡೆ ಶಾಲೆಗೆ ಹೋಗುವ ಅವರ ಮಕ್ಕಳೇ. ಹಣದ ಶಿಕ್ಷಣ ಎಂಬ ಹೆಸರಿಲ್ಲದೆಯೇ ಆ ಶಿಕ್ಷಣ ನಡೆದಿತ್ತು.

ಲೆಕ್ಕ ಕೇಳುವುದನ್ನು ಮರೆತಾಗ

ಈ ಪರಂಪರೆ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಮುಸ್ಲಿಮರು 2019ರ ಜೂನ್‌ನಲ್ಲಿ ಕಂಡರು. ಶಿವಾಜಿನಗರದ ಐ.ಎಂ.ಎ. ಸಂಸ್ಥೆ ಬಾಗಿಲು ಮುಚ್ಚಿತು. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಹಣ ಸಂಗ್ರಹವಾಗಿತ್ತು. ಪೊಲೀಸರಲ್ಲಿ ದೂರು ಕೊಟ್ಟವರು ನಲವತ್ತು ಸಾವಿರಕ್ಕೂ ಹೆಚ್ಚು. ಮಗಳ ಮದುವೆಗೆ ಇಟ್ಟ ಚಿನ್ನ, ನಿವೃತ್ತಿಯ ಹಣ, ಗಲ್ಫಿನಲ್ಲಿ ದುಡಿದು ಕಳುಹಿಸಿದ್ದು ಎಲ್ಲವೂ ಅದರಲ್ಲಿತ್ತು. ಆ ಕುಟುಂಬಗಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರ ನಂಬಿಕೆಗೇ ಮೋಸವಾಯಿತು. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕು. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಒಂದು ತಿಂಗಳೂ ತಪ್ಪದೆ ಇಷ್ಟು ಲಾಭ ಕೊಡುವ ವ್ಯಾಪಾರ ಯಾವುದು? ಇದು ಎಂಟನೇ ತರಗತಿಯ ಲೆಕ್ಕ. ಅದನ್ನು ಆ ಮನೆಗಳ ಮಕ್ಕಳು ಮಾಡಬಲ್ಲವರಾಗಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ಬಡ್ಡಿಯಿಂದ ದೂರವಿರುವವನಿಗೆ ಲೆಕ್ಕ ಇನ್ನೂ ಚೆನ್ನಾಗಿ ಬರಬೇಕು. ಪಾಲುದಾರಿಕೆಯೆಂದರೆ ಲಾಭದಲ್ಲೂ ಪಾಲು, ನಷ್ಟದಲ್ಲೂ ಪಾಲು. ನಷ್ಟವೇ ಇಲ್ಲ ಎನ್ನುವವನು ಪಾಲುದಾರಿಕೆಯ ಮಾತನ್ನಾಡುತ್ತಿಲ್ಲ ಎಂದು ಹದಿಹರೆಯದಲ್ಲೇ ಗೊತ್ತಾಗಬೇಕು.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ? ಅಲ್ ಬಕರ ಅಧ್ಯಾಯದ 282ನೇ ಸೂಕ್ತ ಅದು. ಸಾಲದ ವ್ಯವಹಾರವನ್ನು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಅದು ಆದೇಶಿಸುತ್ತದೆ. ಅನ್ನಿಸಾ ಅಧ್ಯಾಯದ ಆರನೇ ಸೂಕ್ತ ಇನ್ನೂ ನೇರವಾಗಿ ನಮ್ಮ ವಿಷಯಕ್ಕೆ ಬರುತ್ತದೆ. ಅನಾಥ ಮಕ್ಕಳನ್ನು ವಯಸ್ಸಿಗೆ ಬರುವವರೆಗೆ ಪರೀಕ್ಷಿಸುತ್ತಿರಬೇಕು, ಅವರಲ್ಲಿ ವಿವೇಕ ಕಂಡಾಗ ಅವರ ಸೊತ್ತನ್ನು ಅವರಿಗೊಪ್ಪಿಸಬೇಕು, ಒಪ್ಪಿಸುವಾಗ ಸಾಕ್ಷಿಗಳನ್ನು ನಿಲ್ಲಿಸಬೇಕು ಎನ್ನುತ್ತದೆ. ಪರೀಕ್ಷಿಸುವುದೆಂದರೆ ಸ್ವಲ್ಪ ಸ್ವಲ್ಪವಾಗಿ ಕೈಗೆ ಕೊಟ್ಟು ನೋಡುವುದು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಇದಕ್ಕಿಂತ ಸ್ಪಷ್ಟವಾದ ಪಠ್ಯಕ್ರಮ ಯಾವುದಿದೆ?

ಜಕ್ಕೂರಿನಲ್ಲಿ ಏನು ಮಾಡಬಹುದು?

ಕಾನೂನೂ ಈಗ ಅನುಕೂಲವಾಗಿದೆ. ಹತ್ತು ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು. 2025ರಲ್ಲಿ ಆ ನಿಯಮವನ್ನು ಪರಿಷ್ಕರಿಸಿ ಮತ್ತೆ ಹೊರಡಿಸಿತು. ಬೇಕಿರುವುದು ಕೂರಲು ಒಂದು ಜಾಗ, ವಾರಕ್ಕೊಂದು ಗಂಟೆ, ಪಕ್ಕದಲ್ಲಿ ಒಬ್ಬ ಹಿರಿಯರು. ಮಸೀದಿಯ ಮದ್ರಸ ಕೊಠಡಿಯಿದೆ, ದೇವಸ್ಥಾನದ ಸಭಾಭವನವಿದೆ, ಸರಕಾರಿ ಶಾಲೆಯಿದೆ. ನಿವೃತ್ತ ಬ್ಯಾಂಕ್ ನೌಕರರಿಗೂ ನಮ್ಮ ಊರುಗಳಲ್ಲಿ ಬರವಿಲ್ಲ.

ಮೊದಲ ತಿಂಗಳು ಪ್ರತಿ ಮಗು ತನ್ನ ಖರ್ಚನ್ನು ತಾನೇ ಬರೆಯಲಿ, ಚಹಾ ಮತ್ತು ರೀಚಾರ್ಜ್ ಸಹಿತ. ಎರಡನೇ ತಿಂಗಳು ಝಕಾತ್ ಲೆಕ್ಕ ಹಾಕಲಿ. ನಲವತ್ತರಲ್ಲಿ ಒಂದು ಪಾಲು ತೆಗೆಯಬೇಕಾದರೆ ಮನೆಯಲ್ಲಿ ಏನಿದೆ, ಯಾರಿಗೆ ಎಷ್ಟು ಸಾಲವಿದೆ ಎಂದು ತಿಳಿಯಲೇಬೇಕು. ಮುಸ್ಲಿಮೇತರ ಮಕ್ಕಳು ಅದೇ ರೀತಿ ಮನೆಯ ಆಸ್ತಿ, ಸಾಲಗಳ ಪಟ್ಟಿ ಮಾಡಲಿ. ಮೂರನೆಯದು, ಮೋಸದ ಗುರುತು: ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ, ಖಾಸಗಿ ಸ್ಕೀಮಿಗೆ ಅದಿಲ್ಲ. ಕೊನೆಗೆ ಮಕ್ಕಳೇ ನಡೆಸುವ ಚಿಕ್ಕ ನಿಧಿ. ಅದರಿಂದ ಬಡ್ಡಿಯಿಲ್ಲದ ಸಾಲ, ಪುಸ್ತಕಕ್ಕೋ ಪರೀಕ್ಷಾ ಶುಲ್ಕಕ್ಕೋ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಲೆಕ್ಕ ಓದಬೇಕು. ಹೆಣ್ಣುಮಕ್ಕಳು ಇಲ್ಲಿ ಸಮಪಾಲಿನಲ್ಲಿರಬೇಕು. ನಾಳೆ ಮಹ್ರ್ ಹಣದ ಒಡತಿಯರು ಅವರೇ.

ಜಕ್ಕೂರಿನ ಮೈದಾನದಲ್ಲಿ ವಿಮಾನ ಹಾರಿಸಲು ಕಲಿಯುವವರನ್ನು ಮೊದಲ ದಿನವೇ ಒಂಟಿಯಾಗಿ ಆಕಾಶಕ್ಕೆ ಬಿಡುವುದಿಲ್ಲ. ಕಲಿಸುವವರು ಪಕ್ಕದಲ್ಲಿರುತ್ತಾರೆ. ಹಾರಿದ ಪ್ರತಿ ಗಂಟೆಯನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ಅದೇ ಊರಿನ ಮಕ್ಕಳ ಕೈಗೆ ಹಣದ ಯಂತ್ರವನ್ನು ಕೊಟ್ಟು ಪಕ್ಕದ ಆಸನವನ್ನು ನಾವು ಖಾಲಿ ಬಿಟ್ಟಿದ್ದೇವೆ. 38 ರೂಪಾಯಿಯ ಜೊತೆಗೆ ಎರಡು ಪೈಯನ್ನೂ ಬರೆದಿಟ್ಟ ಹಾಜಿ ಅಬ್ದುಲ್ಲಾ ಸಾಹೇಬರ ವಾರಸುದಾರರು ನಾವು ಎನ್ನುವುದಾದರೆ, ಆ ಆಸನದಲ್ಲಿ ಹೋಗಿ ಕೂರುವ ಹೊಣೆಯೂ ನಮ್ಮದೇ.